ಸೀಡರ್ ಫಾಲ್ಸಿನಲ್ಲಿ ಕರೆಂಟು, ಗ್ಯಾಸು: ಜನವರಿಗೆ ಬರುವವರು ಕೇಳಿದ್ದಕ್ಕೆ

ನೀವು ಕೇಳಿದ್ದು ಮೂರು. ಜನವರಿಯಲ್ಲಿ ಬಾಡಿಗೆ ಮನೆಗೆ ಬಂದಾಗ ಕರೆಂಟು, ಗ್ಯಾಸಿಗೆ ಯಾರ ಹತ್ತಿರ ಹೋಗಬೇಕು, ಬಿಲ್ಲು ಎಷ್ಟು ಬರುತ್ತದೆ, ಊರಿನ ಮಿಕ್ಸಿ ಗ್ರೈಂಡರ್ ತಂದರೆ ಓಡುತ್ತವೆಯೇ.

ಮೊದಲು ಮನೆಯ ವಿಳಾಸ ಯಾವ ಊರಿನದು ನೋಡಿಕೊಳ್ಳಿ. ಜಾನ್ ಡಿಯರ್ ಎಂಬ ಟ್ರ್ಯಾಕ್ಟರ್ ಕಂಪನಿಯ ಕೆಲಸಕ್ಕೆಂದು ಅಮೆರಿಕದ ಅಯೋವಾ ರಾಜ್ಯದ ಈ ಮೂಲೆಗೆ ಬರುವವರು ವಾಟರ್ಲೂನಲ್ಲೂ ಮನೆ ಹಿಡಿಯುತ್ತಾರೆ, ಅದಕ್ಕೆ ಅಂಟಿಕೊಂಡ ಸೀಡರ್ ಫಾಲ್ಸಿನಲ್ಲೂ ಹಿಡಿಯುತ್ತಾರೆ. ಕಣ್ಣಿಗೆ ಎರಡೂ ಒಂದೇ ಊರು. ಆದರೆ ವಾಟರ್ಲೂನಲ್ಲಿ ಕರೆಂಟು, ಗ್ಯಾಸು ಎರಡೂ ಮಿಡ್‌ಅಮೆರಿಕನ್ ಎನರ್ಜಿ ಎಂಬ ಖಾಸಗಿ ಕಂಪನಿಯವು. ಸೀಡರ್ ಫಾಲ್ಸಿನಲ್ಲಿ ಕರೆಂಟು, ಗ್ಯಾಸು, ನೀರು, ಇಂಟರ್ನೆಟ್ಟು ನಾಲ್ಕನ್ನೂ ಊರಿನದೇ ಸಂಸ್ಥೆ ಕೊಡುತ್ತದೆ: ಸೀಡರ್ ಫಾಲ್ಸ್ ಯುಟಿಲಿಟೀಸ್, ಬಾಯಿಮಾತಿನಲ್ಲಿ ಸಿಎಫ್‌ಯು. 2015ರ ಜನವರಿಯಲ್ಲಿ ಒಬಾಮಾ ಇಲ್ಲಿಗೆ ಬಂದು ಭಾಷಣ ಮಾಡಿದ್ದು ಇವರ ಫೈಬರ್ ಇಂಟರ್ನೆಟ್ಟಿನ ಕಾರಣಕ್ಕೆ. ನಮ್ಮ ಬೆಸ್ಕಾಂ, ಜಲಮಂಡಳಿ, ಗ್ಯಾಸ್ ಏಜೆನ್ಸಿ ಮೂರನ್ನೂ ಪುರಸಭೆಯ ಒಂದೇ ಕೌಂಟರಿನಲ್ಲಿ ಕೂರಿಸಿದಂತೆ ಅಂದುಕೊಳ್ಳಿ. ಆದರೆ ಕೌಂಟರಿನಲ್ಲಿ ದಲ್ಲಾಳಿ ಇರುವುದಿಲ್ಲ.

ಲೀಸ್ (ಇಲ್ಲಿ ಬಾಡಿಗೆ ಕರಾರಿಗೇ ಹಾಗೆನ್ನುತ್ತಾರೆ) ಶುರುವಾಗುವ ಮೂರು ನಾಲ್ಕು ಕೆಲಸದ ದಿನ ಮೊದಲೇ ಖಾತೆ ತೆರೆಯಲು ಹೇಳಿ. ಲೀಸ್ ಪತ್ರದಲ್ಲಿ ಯಾವುದು ಮಾಲೀಕರದು, ಯಾವುದು ನಿಮ್ಮದು ಎಂದು ಬರೆದಿರುತ್ತದೆ. ಅಪಾರ್ಟ್‌ಮೆಂಟಾದರೆ ನೀರು ಬಾಡಿಗೆಯಲ್ಲೇ ಸೇರಿ, ಕರೆಂಟು ಮಾತ್ರ ನಿಮ್ಮ ಹೆಸರಿಗೆ ಬರುವುದುಂಟು. ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇನ್ನೂ ಬಂದಿರದಿದ್ದರೆ ಪಾಸ್‌ಪೋರ್ಟು, ವೀಸಾ, ಲೀಸ್ ಪ್ರತಿ ಸಾಕೇ ಎಂದು ಮೊದಲೇ ವಿಚಾರಿಸಿ. ಇಲ್ಲಿಯ ಕ್ರೆಡಿಟ್ ಇತಿಹಾಸ ಇಲ್ಲದವರಿಗೆ ಠೇವಣಿ ಕೇಳುವುದು ಮಾಮೂಲು. ಒಂದಷ್ಟು ಕಾಲ ತಪ್ಪದೆ ಕಟ್ಟಿದರೆ ಅದು ವಾಪಸ್ ಬರುತ್ತದೆ. ಹಿಂದಿನ ಬಾಡಿಗೆಯವರು ಖಾತೆ ಮುಚ್ಚಿ ಗ್ಯಾಸು ನಿಂತಿದ್ದರೆ, ಸಂಸ್ಥೆಯ ಆಳೇ ಬಂದು ಸೋರಿಕೆ ನೋಡಿ ಉರಿ ಹಚ್ಚಬೇಕು. ಆ ಹೊತ್ತಿಗೆ ದೊಡ್ಡವರೊಬ್ಬರು ಮನೆಯಲ್ಲಿರಬೇಕು. ಜನವರಿಯಲ್ಲಿ ಇದನ್ನು ಮರೆತರೆ ಮೊದಲ ರಾತ್ರಿ ಹೋಟೆಲಿನಲ್ಲೇ. ಮೀಟರಿನ ವಾಲ್ವನ್ನು ನೀವೇ ತಿರುಗಿಸಲು ಹೋಗಬೇಡಿ.

ಇನ್ನು ಬಿಲ್ಲು. ಊರಿನಿಂದ ಬಂದವರು ಎಡವುವುದು ಇಲ್ಲೇ. ಗ್ಯಾಸು ಅಂದರೆ ಅವರ ತಲೆಯಲ್ಲಿ ಅಡುಗೆಮನೆ. ಇಲ್ಲಿ ಗ್ಯಾಸು ಅಂದರೆ ಇಡೀ ಮನೆಗೆ ಬಿಸಿಗಾಳಿ ಊದುವ ಬೇಸ್‌ಮೆಂಟಿನ ಫರ್ನೇಸು, ಅದರ ಪಕ್ಕದ ನೀರು ಕಾಯಿಸುವ ಟ್ಯಾಂಕು. ಒಲೆ ಎಷ್ಟೋ ಮನೆಗಳಲ್ಲಿ ಕರೆಂಟಿನದೇ ಇರುತ್ತದೆ. ಗ್ಯಾಸಿನ ಅಳತೆ ಥರ್ಮ್, ಅಂದರೆ 1,00,000 ಬಿಟಿಯು (ಶಾಖ ಅಳೆಯುವ ಮಾನ). ಮೀಟರು ಓದುವುದು ನೂರು ಘನ ಅಡಿಗಳಲ್ಲಿ. ಅದೂ ಹೆಚ್ಚುಕಮ್ಮಿ ಒಂದು ಥರ್ಮಿಗೆ ಸಮ. ನಮ್ಮ 14.2 ಕೆ.ಜಿ. ಸಿಲಿಂಡರಿನಲ್ಲಿರುವ ಶಾಖ ಸುಮಾರು ಆರೂವರೆ ಥರ್ಮ್. ಕಿಟಕಿ ಸಡಿಲವಾದ ಹಳೇ ಒಂಟಿ ಮನೆ ಜನವರಿಯಲ್ಲಿ 130 ಥರ್ಮ್ ಸುಟ್ಟರೆ ಒಂದೇ ತಿಂಗಳಿಗೆ ಇಪ್ಪತ್ತು ಸಿಲಿಂಡರ್ ಆಯಿತು! ಅದೇ ಮನೆ ಜುಲೈಯಲ್ಲಿ ನೀರು ಕಾಯಿಸಲಷ್ಟೇ ಗ್ಯಾಸು ಉರಿಸುತ್ತದೆ, ಆಗ ಏಸಿಯ ಕರೆಂಟು ಏರುತ್ತದೆ.

ಹಾಗಾಗಿ ಮನೆ ಒಪ್ಪುವ ಮೊದಲು ಆ ವಿಳಾಸದ ಹಿಂದಿನ 12 ತಿಂಗಳ ಬಳಕೆ ಎಷ್ಟಿತ್ತೆಂದು ಮಾಲೀಕರನ್ನೋ ಕಚೇರಿಯನ್ನೋ ಕೇಳಿ. ಬಾಡಿಗೆ ಐವತ್ತು ಡಾಲರ್ ಕಡಿಮೆಯೆಂದು ಹಳೇ ಮನೆ ಹಿಡಿದು ಅದರ ಎರಡರಷ್ಟನ್ನು ಗ್ಯಾಸಿಗೆ ಸುರಿಯುವವರಿದ್ದಾರೆ. ಫರ್ನೇಸಿನ ಹೊಗೆ ಲೋಹದ ಕೊಳವೆಯಲ್ಲಿ ಚಿಮಣಿಗೆ ಹೋಗುತ್ತಿದ್ದರೆ ಅದು ಸಾಮಾನ್ಯವಾಗಿ ಶೇ. 80 ದಕ್ಷತೆಯ ಹಳೇ ನಮೂನೆ; ಬಿಳಿ ಪಿವಿಸಿ ಪೈಪು ಗೋಡೆಯಿಂದ ಹೊರಬಂದಿದ್ದರೆ ಶೇ. 90ಕ್ಕಿಂತ ಮೇಲಿನದು.

ಬಿಲ್ಲಿನಲ್ಲಿ ಬಳಸಿದರೂ ಬಿಟ್ಟರೂ ಕಟ್ಟಬೇಕಾದ ತಿಂಗಳ ನಿಗದಿ ಶುಲ್ಕ ಇರುತ್ತದೆ, ಯೂನಿಟ್ಟಿನ ದರ ಇರುತ್ತದೆ, ಗ್ಯಾಸಿನ ಖರೀದಿ ಬೆಲೆಗೆ ತಕ್ಕ ಏರಿಳಿತದ ಸಾಲೂ ಇರುತ್ತದೆ. ಊರಿನ ಸಂಸ್ಥೆಗೆ ಷೇರುದಾರರಿಗೆ ಲಾಭ ಹಂಚುವ ಹೊರೆಯಿಲ್ಲ, ನಿಜ. ಆದರೆ ಗ್ಯಾಸು ಇಲ್ಲಿ ಹುಟ್ಟುವುದಿಲ್ಲ. ಹೊರಗೆ ಕೊಂಡು ಪೈಪ್‌ಲೈನಿನಲ್ಲಿ ತರಬೇಕು. 2021ರ ಫೆಬ್ರವರಿಯಲ್ಲಿ ಟೆಕ್ಸಾಸ್‌ವರೆಗೂ ಹಿಮಗಾಳಿ ಹೊಡೆದಾಗ ಸಗಟು ಬೆಲೆ ಕೆಲವು ದಿನ ಹುಚ್ಚೆದ್ದು, ನಡುನಾಡಿನ ಹಲವು ಸಣ್ಣ ಊರುಗಳ ಗ್ಯಾಸ್ ಸಂಸ್ಥೆಗಳು ಹೈರಾಣಾದವು. ತಿಂಗಳು ತಿಂಗಳಿನ ಏರಿಳಿತ ಬೇಡವೆಂದರೆ ವರ್ಷದ ಸರಾಸರಿ ಕಟ್ಟುವ ಬಜೆಟ್ ಬಿಲ್ಲಿಂಗ್ ಕೇಳಿ. ಅದು ರಿಯಾಯಿತಿಯಲ್ಲ; ವರ್ಷಕ್ಕೊಮ್ಮೆ ಲೆಕ್ಕ ಚುಕ್ತಾ ಆಗುತ್ತದೆ. ಗೃಹಜ್ಯೋತಿಯ 200 ಯೂನಿಟ್ ಇಲ್ಲಿ ಯಾರೂ ಕೊಡುವುದಿಲ್ಲ.

ಫರ್ನೇಸು ಗ್ಯಾಸಿನದಾದರೂ ಅದರ ಫ್ಯಾನು, ಕಿಡಿ, ನಿಯಂತ್ರಣ ಎಲ್ಲ ಕರೆಂಟಿನವು. ಕರೆಂಟು ಹೋದರೆ ಶಾಖವೂ ಹೋಗುತ್ತದೆ. ಆಗ ಗ್ಯಾಸಿನ ಒಲೆ ಹಚ್ಚಿ ಮನೆ ಬೆಚ್ಚಗೆ ಮಾಡಲು ಹೋಗಬೇಡಿ, ಅದರಿಂದ ಹೊರಡಬಹುದಾದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿಗೆ ವಾಸನೆಯಿಲ್ಲ. ಮಲಗುವ ಕೋಣೆಗಳ ಹತ್ತಿರ ಅದರ ಅಲಾರಂ ಇದೆಯೇ, ಗುಂಡಿ ಒತ್ತಿದರೆ ಕೂಗುತ್ತದೆಯೇ ಎಂದು ಬಂದ ದಿನವೇ ನೋಡಿ. ಕರೆಂಟು ಇದ್ದೂ ಫರ್ನೇಸು ನಿಂತರೆ ಮೊದಲು ಫಿಲ್ಟರ್ ತೆಗೆದು ನೋಡಿ. ಒಂದಿಂಚು ದಪ್ಪದ್ದು ಒಂದರಿಂದ ಮೂರು ತಿಂಗಳಿಗೆ ಕಟ್ಟಿಕೊಳ್ಳುತ್ತದೆ, ಗಾಳಿ ಸಾಲದೆ ಯಂತ್ರ ಬಿಸಿಯಾಗಿ ತಾನೇ ಆರಿಕೊಳ್ಳುತ್ತದೆ. ಹಿಮ ಬಿದ್ದ ಮರುದಿನವಾದರೆ ಹೊರಗಿನ ಪಿವಿಸಿ ಪೈಪಿನ ಬಾಯಿ ಮುಚ್ಚಿದೆಯೇ ನೋಡಿ. ಗ್ಯಾಸ್ ಮೀಟರಿನ ಮೇಲಿನ ಹಿಮವನ್ನು ಪೊರಕೆಯಿಂದ ಸರಿಸಿ. ಸಲಿಕೆ, ಬಿಸಿನೀರು ಬೇಡ.

ಕೊಳೆತ ಮೊಟ್ಟೆಯ ವಾಸನೆ ಬಂದರೆ ಗ್ಯಾಸು ಸೋರುತ್ತಿದೆ ಎಂದರ್ಥ; ಸ್ವಿಚ್ಚು ಹಾಕಬೇಡಿ, ಆರಿಸಲೂ ಹೋಗಬೇಡಿ. ಎಲ್ಲರೂ ಹೊರಗೆ ನಡೆಯಿರಿ, ದೂರ ಹೋಗಿ 911ಕ್ಕೆ ಫೋನ್ ಮಾಡಿ. ಅವರು ಹೇಳುವವರೆಗೆ ಸ್ವೆಟರ್ ತರಲೆಂದೂ ಒಳಗೆ ಕಾಲಿಡಬೇಡಿ. ಮುಂದೆ ಹಿತ್ತಲಲ್ಲಿ ಮೆಂತ್ಯ, ಕೊತ್ತಂಬರಿಗೆ ಅಗೆಯುವ ಯೋಚನೆಯಿದ್ದರೆ ಎರಡು ಮೂರು ಕೆಲಸದ ದಿನ ಮೊದಲೇ 811ಕ್ಕೆ, ಅಂದರೆ ನೆಲದಡಿಯ ಪೈಪು, ತಂತಿ ಎಲ್ಲಿವೆಯೆಂದು ಗುರುತಿಸಿಕೊಡುವ ಫೋನ್ ಸೇವೆಗೆ, ತಿಳಿಸಿ. ದುಡ್ಡಿಲ್ಲದೆ ಬಂದು ಗುರುತು ಹಾಕುತ್ತಾರೆ: ಹಳದಿ ಗ್ಯಾಸು, ಕೆಂಪು ಕರೆಂಟು, ನೀಲಿ ಕುಡಿಯುವ ನೀರು.

ಮಿಕ್ಸಿಯ ವಿಷಯ. ಇಲ್ಲಿ 120 ವೋಲ್ಟು, 60 ಹರ್ಟ್ಜ್. 750 ವಾಟಿನ ಮಿಕ್ಸಿಗೆ 1500 ರಿಂದ 2000 ವಾಟಿನ ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ ಬೇಕು. ಅಂಗೈಯಗಲದ ಪ್ರಯಾಣದ ಕನ್ವರ್ಟರು ಮೋಟಾರಿಗೆ ಆಗುವುದಿಲ್ಲ. ಗ್ರೈಂಡರಿನದು ಇಂಡಕ್ಷನ್ ಮೋಟಾರು, ವೋಲ್ಟೇಜು ಸರಿಪಡಿಸಿದರೂ 60 ಹರ್ಟ್ಜಿಗೆ ಐದರಲ್ಲೊಂದು ಪಾಲು ವೇಗ ಹೆಚ್ಚಿ ಹಿಟ್ಟು ಬಿಸಿಯಾಗುತ್ತದೆ. ಇಲ್ಲಿಯ ವೋಲ್ಟೇಜಿಗೆ ಮಾಡಿದ ಮಿಕ್ಸಿ, ಗ್ರೈಂಡರುಗಳೇ ಇಲ್ಲಿ ಸಿಗುತ್ತವೆ, ಅವನ್ನೇ ಕೊಳ್ಳಿ. 15 ಆಂಪಿಯರ್ ಸರ್ಕ್ಯೂಟಿನ ತಾಕತ್ತು 1800 ವಾಟು. ರೂಮ್ ಹೀಟರೊಂದೇ 1500 ತಿನ್ನುತ್ತದೆ, ಜೊತೆಗೆ ಕೆಟಲ್ ಹಾಕಿದರೆ ಬ್ರೇಕರ್ ಬೀಳುತ್ತದೆ. ಸಿಂಕಿನ ಹತ್ತಿರದ ಪ್ಲಗ್ಗು ಸತ್ತಂತಿದ್ದರೆ ಅದರ ನಡುವಿನ ರೀಸೆಟ್ ಗುಂಡಿ ಒತ್ತಿ ನೋಡಿ, ಆಮೇಲೆ ಮಾಲೀಕರಿಗೆ ಫೋನ್ ಮಾಡಿ.

ಮುಂದಿನ ಡಿಸೆಂಬರಿಗೆ ಊರಿಗೆ ಹೊರಟರೆ ಉಳಿತಾಯವೆಂದು ಗ್ಯಾಸು, ಕರೆಂಟು ನಿಲ್ಲಿಸಬೇಡಿ. ಥರ್ಮೋಸ್ಟಾಟ್ 55 ಡಿಗ್ರಿ ಫ್ಯಾರನ್‌ಹೀಟಿಗಿಂತ ಕೆಳಗಿಳಿಸದೆ, ಮುಖ್ಯ ನೀರಿನ ವಾಲ್ವ್ ಮುಚ್ಚಿ, ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದಿಟ್ಟು ಹೋಗಿ. ಮನೆಯ ಕೀಲಿಯೊಂದು ಪಕ್ಕದವರ ಹತ್ತಿರ ಇರಲಿ.