ಶ್ರೀಲಂಕಾ ಸುತ್ತಲು ಚಾಲಕ-ಮಾರ್ಗದರ್ಶಿ ಇರುವ ಕಾರು ಬೇಕೇ?

ಬೆಂಗಳೂರಿನಿಂದ ವಯಸ್ಸಾದ ಅಪ್ಪ ಅಮ್ಮನೊಂದಿಗೆ ಒಂದು ವಾರಕ್ಕೆ ಹೋಗುವುದಾಗಿ ಕೇಳಿದ್ದೀರಿ. ಹಾಗಿದ್ದರೆ ಖಂಡಿತ ಬೇಕು. ದ್ವೀಪ ಕರ್ನಾಟಕದ ಮೂರನೇ ಒಂದು ಭಾಗದಷ್ಟೇ ಇದ್ದರೂ ನಕ್ಷೆಯನ್ನು ನಂಬಬೇಡಿ. ಕೊಲಂಬೊದಿಂದ ಕ್ಯಾಂಡಿಗೆ ಸುಮಾರು 115 ಕಿ.ಮೀ.; ಆದರೆ ಮೂರು ಗಂಟೆಗೂ ಹೆಚ್ಚು ಬೇಕು. ಅಲ್ಲಿಂದ ನುವರ ಎಲಿಯದ ಚಹಾ ತೋಟಗಳಿಗೆ ಹತ್ತುವ ದಾರಿ ಬರೀ ತಿರುವು. ನಮ್ಮಂತೆಯೇ ಎಡಬದಿಯ ಸಂಚಾರವಾದರೂ ನಮ್ಮ ಚಾಲನಾ ಪರವಾನಗಿಯೊಂದೇ ಅಲ್ಲಿ ಸಾಲದು.

ಪ್ರವಾಸೋದ್ಯಮ ಪ್ರಾಧಿಕಾರದ ಪರವಾನಗಿ ಇರುವವರನ್ನೇ ಆರಿಸಿ. ಇಲ್ಲದವರು ಕಾರು ಓಡಿಸಬಲ್ಲರು, ಆದರೆ ಐದನೇ ಶತಮಾನದ ಸಿಗಿರಿಯ ಬಂಡೆಕೋಟೆಯ ಕಥೆ ಹೇಳುವುದು ಬೇರೆಯೇ ಕಸುಬು. ದಿನದ ಕಿ.ಮೀ. ಮಿತಿ, ಇಂಧನ, ಹೆದ್ದಾರಿ ಸುಂಕ, ಚಾಲಕರ ಊಟ-ವಸತಿ ಯಾರದ್ದೆಂದು ಮೊದಲೇ ಬರಹದಲ್ಲಿ ಪಡೆಯಿರಿ. ಹಲವು ಹೋಟೆಲುಗಳಲ್ಲಿ ಚಾಲಕರಿಗೆಂದೇ ಕೋಣೆಗಳಿರುತ್ತವೆ.

ಮಾತಲೆಯ ಸಾಂಬಾರ ತೋಟ, ರತ್ನದ ಅಂಗಡಿಗಳ ಮುಂದೆ ಕಾರು ತಾನಾಗಿಯೇ ನಿಲ್ಲುವುದುಂಟು. ಅದರ ಹಿಂದೆ ಕಮಿಷನ್ ಇರುತ್ತದೆ. ಬೇಡವೆಂದು ಮೊದಲ ದಿನವೇ ನಗುತ್ತಾ ಹೇಳಿಬಿಡಿ. ‘ಎಲ್ಲ’ ಎಂಬ ಊರಿಗೆ ಹೋಗುವ ಬೆಟ್ಟದ ರೈಲು ಓಡುತ್ತಿದೆಯೇ ವಿಚಾರಿಸಿ. ಓಡುತ್ತಿದ್ದರೆ ನೀವು ರೈಲು ಹತ್ತಿ, ಲಗೇಜು ಕಾರಿನಲ್ಲಿ ಬರಲಿ. ಕೊಲಂಬೊ, ಗಾಲೆ ಎರಡೇ ಸಾಕೆಂದರೆ ಕಾರಿನ ಖರ್ಚು ದಂಡ.