ಮೂರನೇ ತರಗತಿಯ ಮಗು > ಮತ್ತು < ಗುರುತುಗಳನ್ನು ಅದಲುಬದಲು ಮಾಡುತ್ತಿದ್ದರೆ ತಿದ್ದುವುದು ಹೇಗೆ?

ಮೊಸಳೆ ಯಾವಾಗಲೂ ದೊಡ್ಡ ಸಂಖ್ಯೆಯ ಕಡೆಗೇ ಬಾಯಿ ತೆರೆಯುತ್ತದೆ ಎಂಬ ಉಪಾಯ ಹೇಳಿಕೊಟ್ಟ ಮೇಲೂ ಮಗಳು ಗುರುತನ್ನು ತಿರುಗುಮುರುಗು ಹಾಕುತ್ತಾಳೆ ಎಂದಿದ್ದೀರಿ. ಮೊದಲು ತಪ್ಪು ಆಗುತ್ತಿರುವುದು ಎಲ್ಲಿ ಎಂದು ನೋಡಿ. 4098 ಮತ್ತು 4890 ಬರೆದು ತೋರಿಸಿ, ಯಾವುದು ದೊಡ್ಡದು ಎಂದು ಬಾಯಲ್ಲೇ ಕೇಳಿ. ಇಂಥ ಐದಾರು ಜೋಡಿ ಸಾಕು. ಬಾಯಲ್ಲಿ ಹೇಳಿದ್ದು ಸರಿ, ಬರೆದದ್ದು ತಪ್ಪು ಅಂತಾದರೆ ತೊಂದರೆ ಗುರುತಿನದು. ಬಾಯಲ್ಲೂ ತಪ್ಪಿದರೆ ಸ್ಥಾನಬೆಲೆಯದು. ಎರಡನ್ನೂ ಒಟ್ಟಿಗೆ ತಿದ್ದಲು ಹೋಗಬೇಡಿ.

ಗುರುತು ತಪ್ಪುವುದಕ್ಕೆ ನಮ್ಮ ಮಾತಿನ ಕ್ರಮವೂ ಒಂದು ಕಾರಣ. ನಾವು "5ಕ್ಕಿಂತ 8 ದೊಡ್ಡದು" ಅನ್ನುತ್ತೇವೆ. ಕಿವಿಗೆ ಬಿದ್ದ ಕ್ರಮದಲ್ಲೇ ಮಗು 5 ಬರೆದು, ದೊಡ್ಡದು ಅಂದಿದ್ದಕ್ಕೆ > ಹಾಕಿ, 8 ಬರೆದರೆ 5 > 8 ಆಗಿಬಿಡುತ್ತದೆ. ಯಾವುದು ದೊಡ್ಡದೆಂದು ಚೆನ್ನಾಗಿ ಗೊತ್ತಿರುವ ಮಗುವೂ ಇಲ್ಲಿ ಎಡವುತ್ತದೆ. ಹಾಗಾಗಿ ಅಭ್ಯಾಸ ಆಗುವ ತನಕ ವಾಕ್ಯವನ್ನು ಎಡಗಡೆಯ ಸಂಖ್ಯೆಯಿಂದಲೇ ಶುರುಮಾಡಿ. 8 > 5 ಇದ್ದರೆ "8, 5ಕ್ಕಿಂತ ದೊಡ್ಡದು". 5 < 8 ಇದ್ದರೆ "5, 8ಕ್ಕಿಂತ ಚಿಕ್ಕದು". ಬರೆದಾದ ಮೇಲೆ ಬೆರಳಿಟ್ಟು ಎಡದಿಂದ ಗಟ್ಟಿಯಾಗಿ ಓದಿಸಿ; ಓದುವಾಗ ಸುಳ್ಳು ಅನ್ನಿಸಿದರೆ ಅವಳೇ ಅಳಿಸಿ ತಿದ್ದುತ್ತಾಳೆ. ಮೊಸಳೆಯಿಂದ ಗುರುತು ಬರೆಯಲು ಬರುತ್ತದೆ, ಓದಲು ಬರುವುದಿಲ್ಲ. ನನಗೆ ಅದರ ಮೇಲೆ ಇರುವ ದೂರು ಇಷ್ಟೇ.

ಅದಕ್ಕಿಂತ ಒಳ್ಳೆಯದು ಎರಡು ಕಡ್ಡಿ. ಸಮಾಂತರವಾಗಿ ಇಟ್ಟರೆ =, ಎರಡೂ ತುದಿಯಲ್ಲಿ ಅಂತರ ಒಂದೇ. (1557ರಲ್ಲಿ ಗಣಿತಜ್ಞ ರಾಬರ್ಟ್ ರೆಕಾರ್ಡ್ ಈ ಗುರುತನ್ನು ಆರಿಸಿಕೊಂಡದ್ದೂ ಸಮಾಂತರ ರೇಖೆಗಳಷ್ಟು ಸಮವಾದದ್ದು ಬೇರೊಂದಿಲ್ಲ ಎಂದೇ.) ಈಗ ಚಿಕ್ಕ ಸಂಖ್ಯೆಯ ಕಡೆಯ ತುದಿಗಳನ್ನು ಕೂಡಿಸಿ, ದೊಡ್ಡದರ ಕಡೆ ಅಗಲಿಸಿ. ಕಾಗದದ ಮೇಲಾದರೆ ದೊಡ್ಡ ಸಂಖ್ಯೆಯ ಪಕ್ಕ ಎರಡು ಚುಕ್ಕಿ, ಚಿಕ್ಕದರ ಪಕ್ಕ ಒಂದು ಚುಕ್ಕಿ ಇಟ್ಟು ಗೆರೆ ಎಳೆಸಿ.

ಸ್ಥಾನಬೆಲೆಯ ತೊಂದರೆಯಾದರೆ ಸಂಖ್ಯೆಗಳನ್ನು ಒಂದರ ಕೆಳಗೊಂದು, ಬಿಡಿಯ ಕೆಳಗೆ ಬಿಡಿ ಬರುವಂತೆ ಬರೆಸಿ. 998 ಮತ್ತು 1002 ಕೊಟ್ಟರೆ ಮಕ್ಕಳ ಕಣ್ಣು 9ಕ್ಕೇ ಅಂಟಿಕೊಳ್ಳುತ್ತದೆ. ಅಂಕಿಗಳನ್ನು ಎಣಿಸಿದರೆ ಮೂರು, ನಾಲ್ಕು, ಅಲ್ಲಿಗೇ ತೀರ್ಮಾನ. ಅಂಕಿಗಳ ಎಣಿಕೆ ಸಮವಾಗಿದ್ದರೆ ಎಡದಿಂದ ಹೋಲಿಸಬೇಕು. 4098, 4890ರಲ್ಲಿ ಸಾವಿರ ಒಂದೇ, ನೂರರ ಸ್ಥಾನದಲ್ಲಿ 0 ಮತ್ತು 8. ವ್ಯತ್ಯಾಸ ಸಿಕ್ಕ ಕೂಡಲೇ ನಿಲ್ಲಬೇಕು. ಮುಂದುವರಿದು ಬಿಡಿಯ 8 ಮತ್ತು 0 ನೋಡಿದ ಮಗು ತೀರ್ಪನ್ನೇ ತಿರುಗಿಸಿಬಿಡುತ್ತದೆ.

3 + 4 □ 5 ಥರದ ಲೆಕ್ಕದಲ್ಲಿ ಇನ್ನೊಂದು ತಪ್ಪು ಕಾಣಿಸುತ್ತದೆ. ಮಗು ಚೌಕದ ಅಕ್ಕಪಕ್ಕದ 4 ಮತ್ತು 5 ಮಾತ್ರ ನೋಡಿ < ಹಾಕುತ್ತದೆ. ಮೊದಲು 3 + 4ರ ಕೆಳಗೆ 7 ಬರೆಸಿ, ಆಮೇಲೆ ಗುರುತು.

"ಅಂಕಿ ಹೆಚ್ಚಿದ್ದರೆ ದೊಡ್ಡದು" ಎಂದು ಹೇಳುವಾಗ "ಪೂರ್ಣ ಸಂಖ್ಯೆಗಳಲ್ಲಿ" ಎಂದು ಈಗಲೇ ಸೇರಿಸಿ. ಇಲ್ಲದಿದ್ದರೆ ದಶಮಾಂಶ ಬಂದಾಗ 0.45 ಅನ್ನು 0.5ಕ್ಕಿಂತ ದೊಡ್ಡದು ಅನ್ನುತ್ತಾಳೆ. ಆಗ 0.5ನ್ನು 0.50 ಎಂದು ಬರೆದು ಹೋಲಿಸಲು ಹೇಳಿಕೊಡಿ.