ಫೋನ್ ಕಂಪನಿಯ ಇಂಟರ್‌ಫೇಸ್ ತೆಗೆದು ಸ್ಟಾಕ್ ಆಂಡ್ರಾಯ್ಡ್ ಹಾಕಿಕೊಳ್ಳಬಹುದಾ?

ನಿಮ್ಮ ಪ್ರಶ್ನೆ ಇಷ್ಟು, ಅಲ್ವಾ? ಫೋನಿಗೆ ಮೂರು ವರ್ಷ ತುಂಬಿದೆ. ಕಂಪನಿಯವರ ಇಂಟರ್‌ಫೇಸ್ ಭಾರ ಅನ್ನಿಸುತ್ತಿದೆ. ಬೇಡದ ಆಪ್‌ಗಳು ಡಿಲೀಟ್ ಆಗುವುದಿಲ್ಲ, ನೋಟಿಫಿಕೇಶನ್‌ನಲ್ಲಿ ಜಾಹೀರಾತು ಬರುತ್ತದೆ. ಇದನ್ನೆಲ್ಲ ತೆಗೆದು ಸ್ಟಾಕ್ ಆಂಡ್ರಾಯ್ಡ್, ಅಂದರೆ ಫೋನ್ ಕಂಪನಿ ಏನೂ ಸೇರಿಸದ ಮೂಲ ಆಂಡ್ರಾಯ್ಡ್ ಹಾಕಬಹುದಾ, ಹಾಕಿದರೆ ಏನೇನು ಕಳೆದುಕೊಳ್ಳುತ್ತೇನೆ ಅಂತ ಕೇಳಿದ್ದೀರಿ.

ಎಷ್ಟೋ ಫೋನುಗಳಲ್ಲಿ ಹಾಕಬಹುದು. ನಾನು ಎರಡು ಫೋನಿಗೆ ಹಾಕಿದ್ದೇನೆ. ಮೂರನೆಯದಕ್ಕೆ ಯೋಚನೆ ಮಾಡಿಯೇ ಹಾಕಲಿಲ್ಲ. ಹಾಕಿದ ಎರಡರಲ್ಲಿ ಒಂದು ಇನ್ನೂ ಮೂರು ವರ್ಷ ಚೆನ್ನಾಗಿ ಬಾಳಿತು. ಇನ್ನೊಂದನ್ನು ಎರಡೇ ತಿಂಗಳಲ್ಲಿ ಹಳೆಯ ಸಾಫ್ಟ್‌ವೇರಿಗೆ ವಾಪಸ್ ತಂದೆ. ಯಾಕೆ ಹಾಗಾಯಿತು ಅನ್ನುವುದನ್ನು ಹೇಳಿದರೆ ನಿಮಗೆ ತೀರ್ಮಾನ ಮಾಡುವುದು ಸುಲಭ ಆಗುತ್ತದೆ ಅಂದುಕೊಂಡಿದ್ದೇನೆ.

ಮೊದಲು ಈ 'ಸ್ಟಾಕ್' ಅನ್ನುವ ಮಾತಿನ ಬಗ್ಗೆ. ಆಂಡ್ರಾಯ್ಡ್‌ನ ಮೂಲ ಕೋಡನ್ನು ಗೂಗಲ್ ಎಒಎಸ್‌ಪಿ ಅನ್ನುವ ಹೆಸರಿನಲ್ಲಿ ಎಲ್ಲರಿಗೂ ಬಿಟ್ಟುಕೊಡುತ್ತದೆ. ಅದರ ಮೇಲೆ ಸ್ಯಾಮ್‌ಸಂಗ್ ತನ್ನ ಒನ್ ಯುಐ ಕಟ್ಟಿಕೊಳ್ಳುತ್ತದೆ, ಶಿಯೋಮಿ ತನ್ನ ಹೈಪರ್ ಓಎಸ್ ಕಟ್ಟಿಕೊಳ್ಳುತ್ತದೆ. ಪಿಕ್ಸೆಲ್ ಫೋನಿನಲ್ಲಿ ಕಾಣುವುದೂ ಬರೀ ಎಒಎಸ್‌ಪಿ ಅಲ್ಲ. ಅಲ್ಲಿನ ಲಾಂಚರ್ (ಹೋಮ್ ಪರದೆ ತೋರಿಸುವ ಆಪ್), ಡಯಲರ್, ಕ್ಯಾಮೆರಾ ಎಲ್ಲ ಗೂಗಲ್‌ನ ಸ್ವಂತದ್ದು. ಅವುಗಳ ಕೋಡ್ ಹೊರಗೆ ಸಿಗುವುದಿಲ್ಲ. ಹಾಗಾಗಿ ನಿಮ್ಮ ಫೋನಿಗೆ 'ಸ್ಟಾಕ್' ಹಾಕುತ್ತೇನೆ ಅಂದರೆ, ಎಒಎಸ್‌ಪಿ ತೆಗೆದುಕೊಂಡು ಯಾರೋ ನಿಮ್ಮ ಮಾಡೆಲ್‌ಗೆ ಹೊಂದಿಸಿದ ಕಸ್ಟಮ್ ರಾಮ್ (ROM, ಅಂದರೆ ಫೋನಿನ ಇಡೀ ಸಾಫ್ಟ್‌ವೇರ್; ಮೆಮೊರಿಯ RAM ಅಲ್ಲ) ಹಾಕುತ್ತೀರಿ ಅಂತ ಅರ್ಥ. ಇವುಗಳಲ್ಲಿ ಹೆಚ್ಚು ಹೆಸರಾಗಿರುವುದು ಲೀನಿಯೇಜ್ ಓಎಸ್. 2009ರಲ್ಲಿ ಶುರುವಾದ ಸಯನೋಜೆನ್‌ಮಾಡ್ 2016ರ ಕೊನೆಗೆ ನಿಂತುಹೋಯಿತು. ಅದರ ಕೋಡನ್ನೇ ಎತ್ತಿಕೊಂಡು ಸ್ವಯಂಸೇವಕರು ಲೀನಿಯೇಜ್ ಮುಂದುವರಿಸಿದರು.

ಲೀನಿಯೇಜ್ ಹಾಕಿದ ಫೋನನ್ನು ಮೊದಲ ಸಲ ಆನ್ ಮಾಡಿದಾಗ ಆದ ಖುಷಿ ನನಗೆ ಇನ್ನೂ ನೆನಪಿದೆ. ಪರದೆ ಮೇಲೆ ಹತ್ತು ಹನ್ನೆರಡು ಆಪ್ ಅಷ್ಟೇ. ಒಂದು ಬ್ರೌಸರ್, ಒಂದು ಗ್ಯಾಲರಿ, ಕ್ಯಾಲೆಂಡರ್, ಗಡಿಯಾರ. ಪ್ಲೇ ಸ್ಟೋರ್ ಕೂಡ ಇರಲಿಲ್ಲ. ಗೂಗಲ್‌ನ ಆಪ್‌ಗಳನ್ನು ರಾಮ್ ಜೊತೆ ಸೇರಿಸಿ ಹಂಚಲು ಲೈಸೆನ್ಸ್ ಇಲ್ಲ. 2009ರಲ್ಲೇ ಗೂಗಲ್ ಇದರ ಬಗ್ಗೆ ಸಯನೋಜೆನ್‌ಮಾಡ್‌ಗೆ ನೋಟಿಸ್ ಕೊಟ್ಟಿತ್ತು. ಅದಕ್ಕೇ ಇವತ್ತಿಗೂ ಅವು ಬೇರೆ ಪ್ಯಾಕೇಜ್ ಆಗಿ ಬರುತ್ತವೆ, ಬೇಕಾದವರು ತಾವೇ ಹಾಕಿಕೊಳ್ಳಬೇಕು. ಇದನ್ನು ರಾಮ್ ಹಾಕಿದ ಕೂಡಲೇ, ಫೋನ್ ಒಂದು ಸಲವೂ ಆನ್ ಆಗುವುದಕ್ಕೆ ಮುಂಚೆ ಹಾಕಬೇಕು. ನಾನು ಆನ್ ಮಾಡಿ ನೋಡಿ ಆಮೇಲೆ ಹಾಕಲು ಹೋದೆ. ಎಲ್ಲ ಅಳಿಸಿ ಮತ್ತೆ ಮೊದಲಿನಿಂದ ಮಾಡಬೇಕಾಯಿತು.

ಈಗ ಮುಖ್ಯ ವಿಷಯ, ಬೂಟ್‌ಲೋಡರ್. ಫೋನ್ ಆನ್ ಆದಾಗ ಮೊದಲು ಓಡುವ ಸಣ್ಣ ಪ್ರೋಗ್ರಾಂ ಅದು. ಮುಂದೆ ಲೋಡ್ ಆಗುವ ಸಾಫ್ಟ್‌ವೇರ್ ಕಂಪನಿಯದ್ದೇ ಹೌದಾ ಅಂತ ಸಹಿ ನೋಡಿ ಬಿಡುತ್ತದೆ. ಬೇರೆ ಸಾಫ್ಟ್‌ವೇರ್ ಹಾಕಬೇಕಾದರೆ ಆ ಬಾಗಿಲನ್ನು ಅನ್‌ಲಾಕ್ ಮಾಡಬೇಕು. ನೀವು ಕಳೆದುಕೊಳ್ಳುವುದೆಲ್ಲ ಬಹುಪಾಲು ಇಲ್ಲಿಂದಲೇ ಬರುತ್ತದೆ.

ಅನ್‌ಲಾಕ್ ಮಾಡಿದ ತಕ್ಷಣ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಇದು ತಪ್ಪಲ್ಲ, ಬೇಕೆಂದೇ ಹಾಗೆ ಮಾಡಿದ್ದಾರೆ. ಇಲ್ಲದಿದ್ದರೆ ಕದ್ದ ಫೋನಿಗೆ ಯಾರು ಬೇಕಾದರೂ ತಮ್ಮ ಸಾಫ್ಟ್‌ವೇರ್ ಹಾಕಿ ಒಳಗಿರುವುದನ್ನು ನೋಡಬಹುದಿತ್ತು. ನನಗೆ ಅಳಿಸುತ್ತದೆ ಅನ್ನುವುದು ಗೊತ್ತಿತ್ತು, ಬ್ಯಾಕಪ್ ಕೂಡ ತೆಗೆದಿದ್ದೆ. ಆದರೆ ಚಾಟ್‌ಗಳ ಬ್ಯಾಕಪ್ ಫೈಲ್ ಫೋನಿನ ಒಳಗಿನ ಮೆಮೊರಿಯಲ್ಲೇ ಇತ್ತು. ಅದನ್ನು ಕಂಪ್ಯೂಟರ್‌ಗೆ ಕಾಪಿ ಮಾಡಲು ಮರೆತೆ. ಆರು ವರ್ಷದ ಮಾತುಗಳು ಹೋದವು, ಅದರಲ್ಲಿ ಈಗ ಇಲ್ಲದವರ ಮಾತುಗಳೂ ಇದ್ದವು. ಇದೊಂದನ್ನು ದಯವಿಟ್ಟು ನೆನಪಿಡಿ. ಬ್ಯಾಕಪ್ ಫೈಲ್ ಫೋನಿನಿಂದ ಹೊರಗೆ ಬಂದಿದೆಯಾ ಅಂತ ಕಂಪ್ಯೂಟರ್‌ನಲ್ಲಿ ತೆರೆದು ನೋಡಿ, ಆಮೇಲೆ ಮುಂದಿನ ಹೆಜ್ಜೆ.

ಎರಡನೆಯದು ಬ್ಯಾಂಕ್ ಆಪ್‌ಗಳು. ಫೋನ್ ನಂಬಿಕೆಗೆ ತಕ್ಕದ್ದಾ ಅಂತ ಆಪ್‌ಗಳು ಕೇಳಿ ತಿಳಿದುಕೊಳ್ಳಲು ಗೂಗಲ್ ಪ್ಲೇ ಇಂಟೆಗ್ರಿಟಿ ಅನ್ನುವ ವ್ಯವಸ್ಥೆ ಇಟ್ಟಿದೆ. ಹಿಂದೆ ಇದ್ದ ಸೇಫ್ಟಿನೆಟ್ ಜಾಗಕ್ಕೆ ಬಂದದ್ದು ಇದು. ಬೂಟ್‌ಲೋಡರ್ ತೆರೆದಿದ್ದರೆ ಅಲ್ಲಿ ಉತ್ತರ ಸರಿಯಾಗಿ ಹೋಗುವುದಿಲ್ಲ. ಕೆಲವು ಆಪ್‌ಗಳು ತಲೆ ಕೆಡಿಸಿಕೊಳ್ಳುವುದಿಲ್ಲ, ಕೆಲವು ತೆರೆಯುವುದೇ ಇಲ್ಲ. ಸುತ್ತುದಾರಿಗಳು ಇವೆ, ನಾನೂ ಮಾಡಿ ನೋಡಿದ್ದೇನೆ. ಇವತ್ತು ಕೆಲಸ ಮಾಡಿದ ಉಪಾಯ ಮುಂದಿನ ತಿಂಗಳು ನಿಲ್ಲುತ್ತದೆ, ಮತ್ತೆ ಹುಡುಕಬೇಕು. ಹಣದ ವ್ಯವಹಾರ ಎಲ್ಲ ಒಂದೇ ಫೋನಿನಲ್ಲಿ ನಡೆಸುವವರಿಗೆ ಈ ಗೋಳು ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ನಾನು ವಾಪಸ್ ತಂದ ಫೋನ್ ಅದೇ, ದಿನಾ ಜೇಬಿನಲ್ಲಿ ಇರುತ್ತಿದ್ದ ಫೋನ್. ಒಮ್ಮೆ ತುರ್ತಾಗಿ ಹಣ ಕಳಿಸಬೇಕಿತ್ತು, ಆಪ್ ತೆರೆಯಲಿಲ್ಲ. ಅವತ್ತು ರಾತ್ರಿಯೇ ಕೂತು ಹಳೆಯ ಸಾಫ್ಟ್‌ವೇರ್ ಹಾಕಿದೆ.

ಮೂರನೆಯದು ಕ್ಯಾಮೆರಾ. ಇದನ್ನು ಯಾರೂ ಮೊದಲೇ ಸರಿಯಾಗಿ ಹೇಳುವುದಿಲ್ಲ. ಈಗಿನ ಫೋನಿನ ಫೋಟೋ ಚೆನ್ನಾಗಿ ಬರಲು ಲೆನ್ಸ್ ಎಷ್ಟು ಕಾರಣವೋ ಹಿಂದೆ ಕೆಲಸ ಮಾಡುವ ಸಾಫ್ಟ್‌ವೇರ್ ಕೂಡ ಅಷ್ಟೇ ಕಾರಣ. ಹಲವು ಚಿತ್ರ ತೆಗೆದು ಒಂದು ಮಾಡುವುದು, ಕತ್ತಲೆಯ ಜಾಗ ಬೆಳಗಿಸುವುದು, ಬಣ್ಣ ಹೊಂದಿಸುವುದು ಎಲ್ಲ ಅದರದ್ದು. ಆ ಸಾಫ್ಟ್‌ವೇರ್ ಕಂಪನಿಯ ಸ್ವತ್ತು, ಕಸ್ಟಮ್ ರಾಮ್‌ಗೆ ಸಿಗುವುದಿಲ್ಲ. ನನ್ನ ಫೋನಿನಲ್ಲಿ ಹಗಲಿನ ಫೋಟೋ ಪರವಾಗಿರಲಿಲ್ಲ. ರಾತ್ರಿಯದ್ದು ಮಾತ್ರ ಮಸುಕು ಮಸುಕು. ಗೂಗಲ್ ಕ್ಯಾಮೆರಾವನ್ನು ಬೇರೆ ಫೋನುಗಳಿಗೆ ಹೊಂದಿಸಿದ ಆವೃತ್ತಿಗಳು ಸಿಗುತ್ತವೆ, ಅವು ತಕ್ಕಮಟ್ಟಿಗೆ ಸಹಾಯ ಮಾಡುತ್ತವೆ. ಆದರೂ ಫೋಟೋಗೋಸ್ಕರವೇ ಆ ಫೋನ್ ತೆಗೆದುಕೊಂಡಿದ್ದರೆ ಎರಡು ಸಲ ಯೋಚಿಸಿ. ವಿಡಿಯೋ ಆಪ್‌ಗಳಲ್ಲೂ ಒಂದು ಏಟು ಬೀಳಬಹುದು. ವೈಡ್‌ವೈನ್ ಅನ್ನುವ ಕಾಪಿ ರಕ್ಷಣೆ ಹಲವು ಫೋನುಗಳಲ್ಲಿ ಅನ್‌ಲಾಕ್ ಆದ ಮೇಲೆ ಎಲ್1 ಮಟ್ಟದಿಂದ ಎಲ್3ಗೆ ಇಳಿಯುತ್ತದೆ. ಆಗ ಸಿನಿಮಾ ಎಚ್‌ಡಿಯಲ್ಲಿ ಬರುವುದಿಲ್ಲ.

ಇನ್ನು ಕಂಪನಿಗಳು ಅನ್‌ಲಾಕ್ ಮಾಡಲು ಬಿಡುತ್ತವಾ ಅನ್ನುವುದು ಬೇರೆಯದೇ ಪ್ರಶ್ನೆ. ಪಿಕ್ಸೆಲ್‌ನಲ್ಲಿ ಸುಲಭ. ಶಿಯೋಮಿಯಲ್ಲಿ ಅಕೌಂಟ್ ಜೋಡಿಸಿ ದಿನಗಟ್ಟಲೆ ಕಾಯಬೇಕು, ಹಿಂದೆ 168 ಗಂಟೆ ಕಾಯಿಸುವುದು ಅಲ್ಲಿ ಮಾಮೂಲಾಗಿತ್ತು. ಹುವಾವೇ 2018ರಲ್ಲಿ ಅನ್‌ಲಾಕ್ ಕೋಡ್ ಕೊಡುವುದನ್ನೇ ನಿಲ್ಲಿಸಿತು. ಸ್ಯಾಮ್‌ಸಂಗ್‌ನಲ್ಲಿ ನಾಕ್ಸ್ ಅನ್ನುವ ರಕ್ಷಣೆ ಇದೆ. ಬೇರೆ ಸಾಫ್ಟ್‌ವೇರ್ ಹಾಕಿದರೆ ಚಿಪ್‌ನೊಳಗಿನ ಒಂದು ಫ್ಯೂಸ್ ಸುಡುತ್ತದೆ. ಆಮೇಲೆ ಕಂಪನಿಯ ಸಾಫ್ಟ್‌ವೇರನ್ನೇ ವಾಪಸ್ ಹಾಕಿದರೂ ಅದು ಸರಿಹೋಗುವುದಿಲ್ಲ, ಸೆಕ್ಯೂರ್ ಫೋಲ್ಡರ್‌ನಂಥವು ಆ ಫೋನಿನಲ್ಲಿ ಇನ್ನೆಂದೂ ಓಡುವುದಿಲ್ಲ. ನಿಮ್ಮದು ಯಾವ ಕಂಪನಿ ಅಂತ ನೀವು ಬರೆದಿಲ್ಲ. ಮೊದಲು ಅದನ್ನು ನೋಡಿಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ತೆರೆಯುತ್ತದೆ. ಅಲ್ಲಿ ಓಇಎಂ ಅನ್‌ಲಾಕಿಂಗ್ ಅನ್ನುವ ಸ್ವಿಚ್ಚೇ ಇಲ್ಲದಿದ್ದರೆ ಸಾಮಾನ್ಯವಾಗಿ ಕಥೆ ಅಲ್ಲಿಗೇ ಮುಗಿಯಿತು.

ನಿಮ್ಮ ಪ್ರಶ್ನೆ ಓದಿದಾಗ ನನಗೆ ಅನ್ನಿಸಿದ್ದು ಬೇರೆ. ನೀವು ಹೇಳಿದ ತೊಂದರೆಗಳಲ್ಲಿ ಹೆಚ್ಚಿನವು ಅನ್‌ಲಾಕ್ ಮಾಡದೆಯೇ ಹೋಗುತ್ತವೆ. ನನ್ನ ಮೂರನೆಯ ಫೋನಿನಲ್ಲಿ ನಾನು ಮಾಡಿದ್ದು ಅದನ್ನೇ.

ಬೇಡದ ಆಪ್‌ಗಳನ್ನು ಕಂಪ್ಯೂಟರ್‌ನಿಂದ ಎಡಿಬಿ ಅನ್ನುವ ಟೂಲ್ ಬಳಸಿ ತೆಗೆಯಬಹುದು. ಡೆವಲಪರ್ ಆಪ್ಷನ್ಸ್‌ನಲ್ಲಿ ಯುಎಸ್‌ಬಿ ಡಿಬಗಿಂಗ್ ಆನ್ ಮಾಡಿ, ಕೇಬಲ್ ಸಿಕ್ಕಿಸಿ, ಆ ಆಪನ್ನು ನಿಮ್ಮ ಬಳಕೆಯಿಂದ ಮಾತ್ರ ತೆಗೆಯುವ ಆಜ್ಞೆ ಕೊಡುತ್ತೀರಿ. ಆಪ್‌ನ ಮೂಲ ಪ್ರತಿ ಸಿಸ್ಟಂನಲ್ಲಿ ಹಾಗೇ ಉಳಿಯುತ್ತದೆ, ಆದ್ದರಿಂದ ಬೇಕಾದರೆ ಇನ್ನೊಂದು ಆಜ್ಞೆಯಲ್ಲಿ ವಾಪಸ್ ತರಬಹುದು. ರೂಟ್ (ಸಿಸ್ಟಂನ ಪೂರ್ತಿ ಹಿಡಿತ) ಬೇಡ, ಡೇಟಾ ಅಳಿಸುವುದಿಲ್ಲ, ಬ್ಯಾಂಕ್ ಆಪ್ ತಕರಾರು ಮಾಡುವುದಿಲ್ಲ. ಆಜ್ಞೆ ಬರೆಯಲು ಹೆದರಿಕೆ ಆದರೆ ಯೂನಿವರ್ಸಲ್ ಆಂಡ್ರಾಯ್ಡ್ ಡಿಬ್ಲೋಟರ್ ಅಂತ ಒಂದು ಪ್ರೋಗ್ರಾಂ ಇದೆ. ಯಾವುದನ್ನು ತೆಗೆದರೆ ಪರವಾಗಿಲ್ಲ, ಯಾವುದು ಅಪಾಯ ಅಂತ ಪಟ್ಟಿಯಲ್ಲೇ ತೋರಿಸುತ್ತದೆ. ಹೆಸರು ನೋಡಿ ಗೊತ್ತಾಗದ್ದನ್ನು ಮಾತ್ರ ಮುಟ್ಟಬೇಡಿ. ಕೆಲವು ಫೋನುಗಳಲ್ಲಿ ಕಳೆದ ಫೋನ್ ಹುಡುಕುವ ಕಂಪನಿಯ ಆಪ್ ತೆಗೆದರೆ ಸಾಕು, ಫೋನ್ ಪೂರ್ತಿ ಆನ್ ಆಗದೆ ಲೋಗೋ ಹತ್ತಿರವೇ ಸುತ್ತುತ್ತಿರುತ್ತದೆ. ಒಂದೊಂದೇ ತೆಗೆದು, ಒಂದು ದಿನ ಬಳಸಿ ನೋಡಿ, ಆಮೇಲೆ ಇನ್ನೊಂದು. ನಾನು ಹೀಗೆ ಎರಡು ವಾರದಲ್ಲಿ ಮೂವತ್ತಕ್ಕಿಂತ ಜಾಸ್ತಿ ಆಪ್ ತೆಗೆದೆ. ಜಾಹೀರಾತು ಕಳಿಸುತ್ತಿದ್ದದ್ದು ಅವುಗಳಲ್ಲಿ ಎರಡೋ ಮೂರೋ ಅಷ್ಟೇ.

ಆಮೇಲೆ ಒಂದು ಹಗುರವಾದ ಲಾಂಚರ್ ಹಾಕಿ. ಲಾನ್‌ಚೇರ್ ಅನ್ನುವುದು ನೋಡಲು ಪಿಕ್ಸೆಲ್‌ನ ಹಾಗೇ ಇರುತ್ತದೆ. ಗೂಗಲ್‌ನ ಫೋನ್, ಮೆಸೇಜಸ್, ಕೀಬೋರ್ಡ್ ಪ್ಲೇ ಸ್ಟೋರ್‌ನಲ್ಲೇ ಸಿಗುತ್ತವೆ. ಡೆವಲಪರ್ ಆಪ್ಷನ್ಸ್‌ನಲ್ಲಿ ಅನಿಮೇಷನ್ ಸ್ಕೇಲ್ ಮೂರನ್ನೂ 0.5ಕ್ಕೆ ಇಳಿಸಿ, ಫೋನ್ ಚುರುಕಾದ ಹಾಗೆ ಅನ್ನಿಸುತ್ತದೆ. ಒಂದು ಕೊರತೆ ಹೇಳಬೇಕು. ಕೆಲವು ಕಂಪನಿಗಳ ಫೋನಿನಲ್ಲಿ ಬೇರೆ ಲಾಂಚರ್ ಹಾಕಿದರೆ ಸನ್ನೆಯಿಂದ ಹಿಂದೆ ಮುಂದೆ ಹೋಗುವುದು ಸರಿಯಾಗಿ ನಡೆಯುವುದಿಲ್ಲ, ಕೆಳಗಿನ ಮೂರು ಬಟನ್‌ಗೆ ಮರಳಬೇಕಾಗುತ್ತದೆ. ನೋಟಿಫಿಕೇಶನ್ ಪರದೆ, ಸೆಟ್ಟಿಂಗ್ಸ್ ಕೂಡ ಕಂಪನಿಯದ್ದೇ ಉಳಿಯುತ್ತವೆ.

ನಿಧಾನ ಅನ್ನುವುದಕ್ಕೂ ಇಂಟರ್‌ಫೇಸ್ ಒಂದೇ ಕಾರಣ ಅಂತ ಅಂದುಕೊಳ್ಳಬೇಡಿ. ಮೂರು ವರ್ಷದ ಫೋನಿನಲ್ಲಿ ಸ್ಟೋರೇಜ್ ಮುಕ್ಕಾಲುಪಾಲು ತುಂಬಿರುತ್ತದೆ, ಬ್ಯಾಟರಿ ದಣಿದಿರುತ್ತದೆ. ಸ್ಟೋರೇಜ್ ಖಾಲಿ ಮಾಡಿ ಒಮ್ಮೆ ಫ್ಯಾಕ್ಟರಿ ರೀಸೆಟ್ ಮಾಡಿದರೆ ಬರುವ ಚುರುಕು ನೋಡಿ ಎಷ್ಟೋ ಜನ ರಾಮ್ ಹಾಕುವ ಯೋಚನೆ ಬಿಟ್ಟಿದ್ದಾರೆ.

ಹಾಗಾದರೆ ಯಾವಾಗ ಹಾಕಬೇಕು? ಕಂಪನಿ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿದಾಗ. ನನ್ನ ಮೊದಲ ಫೋನಿನ ಕಥೆ ಇದೇ. ಹಾರ್ಡ್‌ವೇರ್ ಗಟ್ಟಿಯಾಗಿತ್ತು, ಪರದೆಗೆ ಒಂದು ಗೀರು ಬಿದ್ದಿರಲಿಲ್ಲ, ಆದರೆ ಸೆಕ್ಯೂರಿಟಿ ಅಪ್‌ಡೇಟ್ ನಿಂತು ಒಂದು ವರ್ಷ ಕಳೆದಿತ್ತು. ಲೀನಿಯೇಜ್ ಹಾಕಿದ ಮೇಲೆ ಅದಕ್ಕೆ ಹೊಸ ಆಂಡ್ರಾಯ್ಡ್ ಬಂತು, ತಿಂಗಳು ತಿಂಗಳು ಪ್ಯಾಚ್ ಬಂತು. ಅಪ್ಪನಿಗೆ ಓದಲು, ಹಾಡು ಕೇಳಲು ಕೊಟ್ಟೆ. ಬ್ಯಾಂಕ್ ಆಪ್ ಅವರಿಗೆ ಬೇಕಿರಲಿಲ್ಲ. ಚೆನ್ನಾಗಿರುವ ಫೋನನ್ನು ಬರೀ ಸಾಫ್ಟ್‌ವೇರ್ ಹಳೆಯದಾಯಿತು ಅಂತ ಕಸಕ್ಕೆ ಹಾಕುವುದು ನನಗೆ ನಿಜವಾಗಿ ಸಂಕಟ ಕೊಡುತ್ತದೆ. ಈ ಸ್ವಯಂಸೇವಕರ ಕೆಲಸದ ಬೆಲೆ ತಿಳಿಯುವುದು ಅಲ್ಲೇ. ಒಂದು ಮಿತಿ ಮಾತ್ರ ಇದೆ. ಮೋಡೆಮ್‌ನಂಥ ಭಾಗಗಳ ಒಳಗಿನ ಸಾಫ್ಟ್‌ವೇರಿಗೆ ಪ್ಯಾಚ್ ಬರಬೇಕಾದರೆ ಕಂಪನಿಯಿಂದಲೇ ಬರಬೇಕು. ಲೀನಿಯೇಜ್‌ನ ಸೆಟ್ಟಿಂಗ್ಸ್‌ನಲ್ಲಿ ಆಂಡ್ರಾಯ್ಡ್ ಪ್ಯಾಚ್‌ನ ದಿನಾಂಕ ಒಂದು ಕಡೆ, ವೆಂಡರ್ (ಕಂಪನಿಯ ಕಡೆಯ) ಪ್ಯಾಚ್‌ನದ್ದು ಬೇರೆ ಕಡೆ ಕಾಣುವುದು ಅದಕ್ಕೇ. ಮೊದಲನೆಯದು ಮುಂದೆ ಹೋಗುತ್ತಿರುತ್ತದೆ, ಎರಡನೆಯದು ಕಂಪನಿ ಕೈಬಿಟ್ಟ ದಿನಕ್ಕೇ ನಿಂತಿರುತ್ತದೆ.

ಹಾಕಲೇಬೇಕು ಅಂತ ತೀರ್ಮಾನ ಮಾಡಿದರೆ, ಲೀನಿಯೇಜ್‌ನ ಅಧಿಕೃತ ಪಟ್ಟಿಯಲ್ಲಿ ನಿಮ್ಮ ಮಾಡೆಲ್‌ನ ಕೋಡ್ ಹೆಸರು ಇದೆಯಾ ನೋಡಿ. ಮಾರಾಟದ ಹೆಸರು ಒಂದೇ ಇದ್ದರೂ ಒಳಗೆ ಬೇರೆ ಚಿಪ್ ಇರುವ ಫೋನುಗಳಿವೆ, ಒಂದರ ಫೈಲ್ ಇನ್ನೊಂದಕ್ಕೆ ಹಾಕಿದರೆ ಫೋನ್ ಏಳುವುದಿಲ್ಲ. ಪಟ್ಟಿಯಲ್ಲಿ ಇಲ್ಲದಿದ್ದರೆ ಜಿಎಸ್‌ಐ ಅನ್ನುವ ದಾರಿ ಇದೆ. 2017ರಲ್ಲಿ ಆಂಡ್ರಾಯ್ಡ್ 8 ಜೊತೆ ಪ್ರಾಜೆಕ್ಟ್ ಟ್ರೆಬಲ್ ಬಂದ ಮೇಲೆ ಆಂಡ್ರಾಯ್ಡ್ ಭಾಗ ಮತ್ತು ಹಾರ್ಡ್‌ವೇರ್ ಭಾಗ ಬೇರೆ ಬೇರೆ ಆದವು. ಹಾಗಾಗಿ ಒಂದೇ ಸಿಸ್ಟಂ ಫೈಲ್ ಹಲವು ಫೋನುಗಳಲ್ಲಿ ಓಡುತ್ತದೆ. ಓಡುತ್ತದೆ ಅಂದರೆ ಎಲ್ಲವೂ ಓಡುತ್ತದೆ ಅಂತಲ್ಲ, ಬೆರಳಚ್ಚೋ ಬ್ಲೂಟೂತ್ ಕರೆಯೋ ಏನಾದರೂ ಒಂದು ಕೈಕೊಡಬಹುದು. ಮೊದಲ ಸಲಕ್ಕೆ ನಾನು ಅದನ್ನು ಹೇಳುವುದಿಲ್ಲ. ಹೆಸರಿಲ್ಲದ ಯಾರೋ ಮಾಡಿಟ್ಟ ರಾಮ್ ಅಂತೂ ಬೇಡವೇ ಬೇಡ, ನಿಮ್ಮ ಪಾಸ್‌ವರ್ಡ್‌ಗಳೆಲ್ಲ ಅದರ ಮೂಲಕವೇ ಹಾದುಹೋಗುತ್ತವೆ.

ಶುರು ಮಾಡುವ ಮುಂಚೆ ಗೂಗಲ್ ಅಕೌಂಟ್‌ನಿಂದ ಲಾಗ್‌ಔಟ್ ಆಗಿ. ಕಂಪನಿಯ ಮೂಲ ಸಾಫ್ಟ್‌ವೇರ್ ಫೈಲನ್ನು ಕಂಪ್ಯೂಟರ್‌ಗೆ ಇಳಿಸಿಟ್ಟುಕೊಳ್ಳಿ, ಅದು ಈಗ ಫೋನಿನಲ್ಲಿರುವುದಕ್ಕಿಂತ ಹಳೆಯ ಆವೃತ್ತಿ ಆಗಿರಬಾರದು. ಹಲವು ಫೋನುಗಳಲ್ಲಿ ಹಿಂದಿನ ಆವೃತ್ತಿಗೆ ಇಳಿಯದಂತೆ ತಡೆ ಇರುತ್ತದೆ, ಬಲವಂತ ಮಾಡಿದರೆ ಫೋನ್ ಸತ್ತುಹೋಗುತ್ತದೆ.

ಕಸ್ಟಮ್ ರಾಮ್ ಇರುವಾಗ ಬೂಟ್‌ಲೋಡರನ್ನು ಮತ್ತೆ ಲಾಕ್ ಮಾಡಲು ಹೋಗಬೇಡಿ. ಆನ್ ಆದಾಗಲೆಲ್ಲ ಬರುವ ಎಚ್ಚರಿಕೆ ಪರದೆ ಕಿರಿಕಿರಿ ಅಂತ ನನ್ನ ಗೆಳೆಯರೊಬ್ಬರು ಹಾಗೆ ಮಾಡಿದರು. ಲಾಕ್ ಆದ ಬೂಟ್‌ಲೋಡರ್ ಒಳಗಿನ ಸಾಫ್ಟ್‌ವೇರಿನ ಸಹಿ ಒಪ್ಪಲಿಲ್ಲ. ಲಾಕ್ ಆದ್ದರಿಂದ ಬೇರೆಯದನ್ನು ಹಾಕಲೂ ಆಗಲಿಲ್ಲ. ಆ ಫೋನ್ ಮತ್ತೆ ಏಳಲೇ ಇಲ್ಲ. ಪಿಕ್ಸೆಲ್‌ನಲ್ಲಿ ಗ್ರಾಫೀನ್ ಓಎಸ್ ಅನ್ನುವ ಇನ್ನೊಂದು ಕಸ್ಟಮ್ ರಾಮ್ ಹಾಕಿದವರು ಸುರಕ್ಷಿತವಾಗಿ ಲಾಕ್ ಮಾಡಬಹುದು, ಅಲ್ಲಿ ಅದಕ್ಕೆ ಬೇಕಾದ ವ್ಯವಸ್ಥೆ ಇದೆ. ಉಳಿದ ಹೆಚ್ಚಿನ ಫೋನುಗಳಲ್ಲಿ ಇಲ್ಲ.

ನಿಮ್ಮ ಫೋನಿಗೆ ಇನ್ನೂ ಅಪ್‌ಡೇಟ್ ಬರುತ್ತಿದ್ದರೆ, ಈ ವಾರ ಎಡಿಬಿ ಮತ್ತು ಲಾಂಚರ್ ಪ್ರಯತ್ನ ಮಾಡಿ. ಅದರಿಂದ ಸಮಾಧಾನ ಆಗದಿದ್ದರೆ ಮಾಡೆಲ್ ಕೋಡ್, ಈಗಿನ ಆಂಡ್ರಾಯ್ಡ್ ಆವೃತ್ತಿ, ಕೊನೆಯ ಸೆಕ್ಯೂರಿಟಿ ಪ್ಯಾಚ್‌ನ ದಿನಾಂಕ ಮೂರನ್ನೂ ಬರೆಯಿರಿ. ಅದಕ್ಕೆ ಸರಿಯಾದ ರಾಮ್ ಇದೆಯಾ ಅಂತ ನೋಡಿ ಹೇಳುತ್ತೇನೆ.